ಹೇಗ್‌ಗೆ ಹೋದ ಅರ್ಜಿಗಳು ಏನಾಗುತ್ತವೆ?

ಎಲ್ಲಾದರೂ ಯುದ್ಧ ಶುರುವಾಗಿ ನಾಲ್ಕು ದಿನ ಕಳೆದರೆ ಸಾಕು, ಟಿವಿ ಪರದೆಯ ಕೆಳಗೆ ಒಂದು ಸಾಲು ಓಡತೊಡಗುತ್ತದೆ: ‘ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದೂರು ದಾಖಲು’. ಇಷ್ಟು ಪುಟ್ಟ ಸಾಲಿನಲ್ಲಿ ಸಾಮಾನ್ಯವಾಗಿ ಮೂರು ತಪ್ಪುಗಳಿರುತ್ತವೆ. ನ್ಯಾಯಾಲಯ ಅದಲ್ಲ, ಹೋದದ್ದು ದೂರಲ್ಲ, ಆದದ್ದು ದಾಖಲೂ ಅಲ್ಲ.

ಮೊದಲು ನ್ಯಾಯಾಲಯದ ವಿಷಯ. ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ನಾವು ಒಂದಕ್ಕೊಂದು ಬೆರೆಸಿಕೊಳ್ಳುವ ಎರಡು ಕೋರ್ಟುಗಳಿವೆ. ಶಾಂತಿ ಅರಮನೆ ಎಂಬ ಹಳೆಯ ಕಟ್ಟಡದಲ್ಲಿರುವುದು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ. ಅಲ್ಲಿ ದೇಶದ ಮೇಲೆ ದೇಶವೇ ದಾವೆ ಹೂಡಬೇಕು. ನೀವು ನಾನು ಹೋಗಲು ಬಾಗಿಲೇ ಇಲ್ಲ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2017ರಲ್ಲಿ ಪಾಕಿಸ್ತಾನದ ವಿರುದ್ಧ ಭಾರತ ಹೋದದ್ದು ಅಲ್ಲಿಗೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ನ್ಯಾಯಾಧೀಶರಾಗಿ ಕುಳಿತದ್ದೂ ಅಲ್ಲೇ. ಇನ್ನೊಂದು, ಊರಿನ ಹೊರಗೆ ಕಡಲ ಕಡೆಯ ಮರಳುದಿಬ್ಬಗಳ ಪಕ್ಕದಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಐಸಿಸಿ. 1998ರ ಜುಲೈ 17ರಂದು ರೋಮ್‌ನಲ್ಲಿ ಇದರ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿ, 2002ರ ಜುಲೈ 1ರಂದು ಜಾರಿಗೆ ಬಂತು. ಇಲ್ಲಿ ಕಟಕಟೆಗೆ ಬರುವುದು ದೇಶಗಳಲ್ಲ, ಮನುಷ್ಯರು. ಅಧ್ಯಕ್ಷನಾದರೂ ಸರಿ, ದಂಡನಾಯಕನಾದರೂ ಸರಿ, ಪದವಿ ರಕ್ಷಣೆ ಕೊಡುವುದಿಲ್ಲ. ಅಪರಾಧಗಳು ನಾಲ್ಕೇ: ನರಮೇಧ, ಮಾನವೀಯತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ.

ಎರಡನೆಯ ತಪ್ಪು ಸ್ವಲ್ಪ ಸೂಕ್ಷ್ಮ. ದೂರು ಎಂದ ತಕ್ಷಣ ನಮ್ಮ ಕಣ್ಣಮುಂದೆ ಬರುವುದು ಪೊಲೀಸ್ ಠಾಣೆ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು. ನಮ್ಮಲ್ಲಿ ದೂರುದಾರ ಅಂದರೆ ಕಾನೂನಿನ ಕಣ್ಣಲ್ಲಿ ಒಂದು ಪಾತ್ರ, ಅವನಿಗೆ ಹಕ್ಕುಗಳಿವೆ. ಐಸಿಸಿಯಲ್ಲಿ ಅಂಥ ಪಾತ್ರವೇ ಇಲ್ಲ. ರೋಮ್ ಒಪ್ಪಂದದ 15ನೇ ವಿಧಿ ಹೇಳುವುದು ಇಷ್ಟು: ಪ್ರಾಸಿಕ್ಯೂಟರ್, ಅಂದರೆ ತನಿಖೆ ನಡೆಸಿ ಆರೋಪ ಹೊರಿಸುವ ಕೋರ್ಟಿನ ಅಧಿಕಾರಿ, ತನಗೆ ಬಂದ ‘ಮಾಹಿತಿ’ಯ ಆಧಾರದ ಮೇಲೆ ತಾನಾಗಿಯೇ ತನಿಖೆಗೆ ಮುಂದಾಗಬಹುದು. ಮಾಡಬಹುದು, ಮಾಡಲೇಬೇಕೆಂದಿಲ್ಲ. ಮಾಹಿತಿಯನ್ನು ಯಾರು ಬೇಕಾದರೂ ಕಳಿಸಬಹುದು, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಸಂತ್ರಸ್ತರೇ ಆಗಿರಬೇಕೆಂದೂ ಇಲ್ಲ. 2023ರ ಮೇ ತಿಂಗಳಿಂದ ಆನ್‌ಲೈನ್‌ನಲ್ಲೇ ಸಲ್ಲಿಸಲು ‘ಒಟಿಪಿ ಲಿಂಕ್’ ಎಂಬ ವ್ಯವಸ್ಥೆಯೂ ಬಂದಿದೆ. (ನಮ್ಮ ಫೋನಿಗೆ ಬರುವ ಒಟಿಪಿಗೂ ಇದಕ್ಕೂ ಸಂಬಂಧವಿಲ್ಲ, ಇದು ಪ್ರಾಸಿಕ್ಯೂಟರ್ ಕಚೇರಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು.) ಬಾಗಿಲು ಇಷ್ಟು ಅಗಲವಾಗಿ ತೆರೆದಿರುವುದಕ್ಕೂ ಒಳಗೆ ಹೋದವರಿಗೆ ಕೂರಲು ಕುರ್ಚಿ ಇಲ್ಲದಿರುವುದಕ್ಕೂ ಸಂಬಂಧವಿದೆ. ಕಳಿಸಿದವರಿಗೆಲ್ಲ ಹಕ್ಕು ಕೊಟ್ಟಿದ್ದರೆ ಬಾಗಿಲನ್ನು ಕಿರಿದು ಮಾಡಬೇಕಾಗುತ್ತಿತ್ತು.

ಮೂರನೆಯದು ‘ದಾಖಲು’. ಅರ್ಜಿ ಕಳಿಸಿದವರಿಗೆ ಒಂದು ಸ್ವೀಕೃತಿ ಪತ್ರ ಬರುತ್ತದೆ. ನಿಮ್ಮ ಪತ್ರ ನಮ್ಮ ರಿಜಿಸ್ಟರಿನಲ್ಲಿ ನಮೂದಾಗಿದೆ, ಹಾಗೆಂದ ಮಾತ್ರಕ್ಕೆ ತನಿಖೆ ಶುರುವಾಗಿದೆ ಎಂದಾಗಲಿ, ಮುಂದೆ ಶುರುವಾಗುತ್ತದೆ ಎಂದಾಗಲಿ ತಿಳಿಯಬೇಡಿ ಎಂಬುದು ಅದರ ಸಾರಾಂಶ. ತಾಲ್ಲೂಕು ಕಚೇರಿಯ ಟಪಾಲು ಸೀಲಿಗೆ ಇರುವಷ್ಟೇ ಬೆಲೆ ಅದಕ್ಕೆ. ಆದರೆ ಪತ್ರಿಕಾಗೋಷ್ಠಿಗಳಲ್ಲಿ ಈ ಕಾಗದವನ್ನೇ ಎತ್ತಿ ಹಿಡಿದು ‘ಐಸಿಸಿ ನಮ್ಮ ದೂರನ್ನು ಅಂಗೀಕರಿಸಿದೆ’ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಕಳಿಸಿದ ಪತ್ರವನ್ನು ಕಚೇರಿ ಗುಟ್ಟಾಗಿಡುತ್ತದೆ. ಕಳಿಸಿದವರು ಡಂಗುರ ಸಾರುವುದನ್ನು ಮಾತ್ರ ಅದು ತಡೆಯಲಾರದು.

ಹಾಗಾದರೆ ಈ ಪತ್ರಗಳು ನಿಜಕ್ಕೂ ಎಲ್ಲಿಗೆ ಹೋಗುತ್ತವೆ? 2006ರ ಫೆಬ್ರವರಿಯಲ್ಲಿ ಮೊದಲ ಪ್ರಾಸಿಕ್ಯೂಟರ್ ಲೂಯಿಸ್ ಮೊರೆನೊ ಒಕಾಂಪೊ ಅವರ ಕಚೇರಿ ಒಂದು ಲೆಕ್ಕ ಹೊರಗಿಟ್ಟಿತು. ಅಲ್ಲಿಯವರೆಗೆ 103 ದೇಶಗಳಿಂದ 1,732 ಪತ್ರಗಳು ಬಂದಿದ್ದವು. ಅವುಗಳಲ್ಲಿ ಶೇ 80ರಷ್ಟು ಮೊದಲ ಓದಿಗೇ ಹೊರಬಿದ್ದವು. ಕೆಲವು 2002ಕ್ಕಿಂತ ಮುಂಚಿನ ಘಟನೆಗಳ ಬಗ್ಗೆ. ಕೆಲವು ಪರಿಸರ ಹಾನಿ, ಮಾದಕವಸ್ತು ಸಾಗಣೆ, ತೆರಿಗೆ ವಂಚನೆ, ಊರಿನ ನ್ಯಾಯಾಧೀಶರ ಭ್ರಷ್ಟಾಚಾರದ ಬಗ್ಗೆ. ಇನ್ನು ಕೆಲವು, ಇಡೀ ಲೋಕವೇ ಸೇರಿ ತನ್ನ ವಿರುದ್ಧ ಪಿತೂರಿ ನಡೆಸಿದೆ ಎನ್ನುವಂಥವು. ಇದನ್ನು ಓದಿ ನಗುವುದು ಸುಲಭ. ಆದರೆ ಎಲ್ಲ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದವರು ಕೊನೆಗೆ ರಾಷ್ಟ್ರಪತಿಗಳಿಗೆ ಪತ್ರ ಬರೆಯುವುದನ್ನು ಕಂಡವರಿಗೆ ಈ ರಾಶಿಯ ಹಿಂದಿನ ಮನುಷ್ಯರು ಅಪರಿಚಿತರೇನಲ್ಲ.

ಉಳಿದ ಪತ್ರಗಳು ಕಚೇರಿಯ ‘ಪ್ರಾಥಮಿಕ ಪರಿಶೀಲನೆ’ಯ ಜರಡಿಗೆ ಬೀಳುತ್ತವೆ. ಕೋರ್ಟಿನ ವ್ಯಾಪ್ತಿಗೆ ಬರುತ್ತದೆಯೇ, ಸಂಬಂಧಪಟ್ಟ ದೇಶವೇ ಪ್ರಾಮಾಣಿಕವಾಗಿ ವಿಚಾರಣೆ ನಡೆಸುತ್ತಿದೆಯೇ, ಪ್ರಕರಣಕ್ಕೆ ಸಾಕಷ್ಟು ತೂಕವಿದೆಯೇ ಎಂಬುದನ್ನು ಒಂದಾದ ಮೇಲೊಂದು ನೋಡುತ್ತಾರೆ. ಇದಕ್ಕೆ ಕಾಲಮಿತಿ ಇಲ್ಲ. ಕೊಲಂಬಿಯಾದ ಪರಿಶೀಲನೆ 2004ರಲ್ಲಿ ಶುರುವಾಗಿ 2021ರಲ್ಲಿ ಮುಗಿಯಿತು, ತನಿಖೆಯೇ ಇಲ್ಲದೆ. ಜರಡಿ ದಾಟಿದರೂ ಪ್ರಾಸಿಕ್ಯೂಟರ್ ತಾನಾಗಿ ತನಿಖೆ ಶುರು ಮಾಡುವಂತಿಲ್ಲ. ಮೂವರು ನ್ಯಾಯಾಧೀಶರ ವಿಚಾರಣಾಪೂರ್ವ ಪೀಠದ ಅನುಮತಿ ಬೇಕು. ಪರಿಶೀಲನೆ ಮಾಡಿ ಬೇಡವೆಂದು ತೀರ್ಮಾನಿಸಿದರೆ ಮಾಹಿತಿ ಕೊಟ್ಟವರಿಗೆ ತಿಳಿಸಬೇಕು ಎಂದು 15ನೇ ವಿಧಿ ಹೇಳುತ್ತದೆ. ಆದರೆ ಆ ತೀರ್ಮಾನದ ಮೇಲೆ ಅವರು ಮೇಲ್ಮನವಿ ಹೋಗುವಂತಿಲ್ಲ. ಪ್ರಕರಣವನ್ನು ದೇಶವೊಂದು ಒಪ್ಪಿಸಿದ್ದರೆ ಅದು ಮರುಪರಿಶೀಲನೆ ಕೇಳಬಹುದು; ಸಾಮಾನ್ಯರಿಗೆ ಆ ಸೌಲಭ್ಯವಿಲ್ಲ.

ಅತಿ ಹೆಚ್ಚು ಪತ್ರಗಳು ಮುಗ್ಗರಿಸುವುದು ವ್ಯಾಪ್ತಿಯ ಹೊಸ್ತಿಲಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಪಕ್ಕದಲ್ಲೇ ಎರಡು ಉದಾಹರಣೆಗಳಿವೆ. ಮ್ಯಾನ್ಮಾರ್ ಐಸಿಸಿಯ ಸದಸ್ಯ ದೇಶವಲ್ಲ. ಅಲ್ಲಿನ ಸೇನೆ 2017ರಲ್ಲಿ ರಖೈನ್ ಪ್ರಾಂತ್ಯದ ಹಳ್ಳಿಗಳನ್ನು ಸುಟ್ಟಾಗ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಗಡಿ ದಾಟಿ ಬಾಂಗ್ಲಾದೇಶಕ್ಕೆ ಓಡಿಬಂದರು. ಕೊಲೆ, ಅತ್ಯಾಚಾರ ನಡೆದದ್ದೆಲ್ಲ ಗಡಿಯ ಆಚೆ, ಕೋರ್ಟಿನ ಕೈಗೆ ಸಿಗದ ನೆಲದಲ್ಲಿ. ಆದರೆ ‘ಗಡೀಪಾರು’ ಎಂಬ ಅಪರಾಧ ಗಡಿ ದಾಟದೆ ಪೂರ್ತಿಯಾಗುವುದೇ ಇಲ್ಲ, ಗಡಿಯ ಈಚೆಗಿರುವ ಬಾಂಗ್ಲಾದೇಶ 2010ರಿಂದ ಸದಸ್ಯ. ಆಗಿನ ಪ್ರಾಸಿಕ್ಯೂಟರ್ ಫತೂ ಬೆನ್ಸೂದಾ 2018ರ ಏಪ್ರಿಲ್‌ನಲ್ಲಿ ಈ ಎಳೆ ಹಿಡಿದು ನ್ಯಾಯಾಧೀಶರ ಮುಂದೆ ಪ್ರಶ್ನೆ ಇಟ್ಟರು. ನಿರಾಶ್ರಿತರ ಶಿಬಿರಗಳಲ್ಲಿದ್ದ ‘ಶಾಂತಿ ಮೊಹಿಲಾ’ ಗುಂಪಿನ 400 ಹೆಂಗಸರು ಮತ್ತು ಮಕ್ಕಳ ಪರವಾಗಿಯೂ ವಕೀಲರು ಕೋರ್ಟಿಗೆ ಮನವಿ ಕಳಿಸಿದರು. ಸಹಿ ಬಾರದವರ ಹೆಬ್ಬೆಟ್ಟುಗಳೇ ಅದರಲ್ಲಿ ಹೆಚ್ಚು. ಸೆಪ್ಟೆಂಬರಿನಲ್ಲಿ ಪೀಠ ಒಪ್ಪಿತು, 2019ರ ನವೆಂಬರ್ 14ರಂದು ತನಿಖೆಗೆ ಅನುಮತಿಯೂ ಸಿಕ್ಕಿತು. ಮ್ಯಾನ್ಮಾರ್‌ನ ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ವಿರುದ್ಧ ವಾರಂಟ್ ಬೇಕೆಂದು ಪ್ರಾಸಿಕ್ಯೂಟರ್ ಕರೀಂ ಖಾನ್ ಕೇಳಿದ್ದು 2024ರ ನವೆಂಬರ್‌ನಲ್ಲಿ. ಅನುಮತಿಯಿಂದ ವಾರಂಟ್ ಕೋರಿಕೆಗೆ ಐದು ವರ್ಷ.

ಇದನ್ನು ನೋಡಿ ಚೀನಾದ ಮುಸ್ಲಿಂ ಅಲ್ಪಸಂಖ್ಯಾತರಾದ ಉಯಿಗುರರ ಸಂಘಟನೆಗಳು ಇದೇ ಜಾಡು ಹಿಡಿದವು. ಚೀನಾವೂ ಸದಸ್ಯ ದೇಶವಲ್ಲ. ಆದರೆ ತಜಕಿಸ್ತಾನ, ಕಾಂಬೋಡಿಯಾ ಸದಸ್ಯರು. ಅಲ್ಲಿದ್ದ ಉಯಿಗುರರನ್ನು ಹಿಡಿದು ಚೀನಾಕ್ಕೆ ಸಾಗಿಸಿದ್ದಾರೆ, ಹಾಗಾಗಿ ಅಪರಾಧದ ಒಂದು ಭಾಗ ನಿಮ್ಮ ವ್ಯಾಪ್ತಿಯಲ್ಲಿದೆ ಎಂದು 2020ರ ಜುಲೈನಲ್ಲಿ ಅರ್ಜಿ ಕೊಟ್ಟರು. ಡಿಸೆಂಬರಿನಲ್ಲೇ ಕಚೇರಿ ಒಪ್ಪಲಿಲ್ಲ. ಒಂದು ಜಾಗದಿಂದ ಬಲವಂತವಾಗಿ ಕೊಂಡೊಯ್ದ ಮಾತ್ರಕ್ಕೆ ಅದು ಗಡೀಪಾರು ಎಂಬ ಅಪರಾಧವಾಗುವುದಿಲ್ಲ ಎಂಬುದು ಅದರ ವಾದ. ರೋಹಿಂಗ್ಯಾಗಳನ್ನು ಅವರ ನೆಲದಿಂದ ಹೊರದಬ್ಬಲಾಗಿತ್ತು. ಉಯಿಗುರರನ್ನು ಪರನೆಲದಿಂದ ಎಳೆದು ತರಲಾಗಿತ್ತು. ನೋವಿನ ತಕ್ಕಡಿಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಕಾನೂನಿನ ತಕ್ಕಡಿಯಲ್ಲಿ ಇದೆ. ಅರ್ಜಿ ಬರೆಯುವವರು ಮೊದಲು ಅರಗಿಸಿಕೊಳ್ಳಬೇಕಾದ ಕಹಿ ಇದು. ಅನ್ಯಾಯ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಯಾವ ನೆಲದಲ್ಲಿ, ಯಾವ ತಾರೀಖಿನಲ್ಲಿ, ಯಾವ ದೇಶದ ಪ್ರಜೆಯಿಂದ ಆಯಿತು ಎಂಬುದು ಅಲ್ಲಿ ಮೊದಲ ಪ್ರಶ್ನೆ.

ಭಾರತದ ವಿಷಯವೂ ಇಲ್ಲೇ ಇತ್ಯರ್ಥವಾಗುತ್ತದೆ. 1998ರ ಮತದಾನದಲ್ಲಿ 120 ದೇಶಗಳು ಪರ, ಅಮೆರಿಕ, ಚೀನಾ, ಇಸ್ರೇಲ್ ಸೇರಿ ಏಳು ವಿರುದ್ಧ. ದೂರ ಉಳಿದ 21ರಲ್ಲಿ ಭಾರತವೂ ಒಂದು. ಭದ್ರತಾ ಮಂಡಳಿಗೆ ಈ ಕೋರ್ಟಿನ ಮೇಲೆ ಹಿಡಿತ ಕೊಟ್ಟದ್ದು, ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸದೇ ಇದ್ದದ್ದು, ಭಯೋತ್ಪಾದನೆಯನ್ನು ಕೈಬಿಟ್ಟದ್ದು ದಿಲ್ಲಿ ಆಗ ಮುಂದಿಟ್ಟ ಕಾರಣಗಳು. ಮೊದಲ ಕಾರಣದಲ್ಲಿ ಹುರುಳಿಲ್ಲ ಎನ್ನಲಾಗದು. ಸದಸ್ಯರಲ್ಲದ ದೇಶಗಳ ಪ್ರಕರಣವನ್ನೂ ಭದ್ರತಾ ಮಂಡಳಿ ಕೋರ್ಟಿಗೆ ಒಪ್ಪಿಸಬಹುದು. ಸುಡಾನ್‌ನ ಡಾರ್ಫುರ್ ಅನ್ನು 2005ರಲ್ಲಿ, ಲಿಬಿಯಾವನ್ನು 2011ರಲ್ಲಿ ಹಾಗೆ ಒಪ್ಪಿಸಿದ್ದರು. ಸಿರಿಯಾ ವಿಷಯ 2014ರ ಮೇ ತಿಂಗಳಲ್ಲಿ ಬಂದಾಗ 13 ದೇಶಗಳು ಕೈ ಎತ್ತಿದರೂ ರಷ್ಯಾ, ಚೀನಾ ವಿಟೊ ಹಾಕಿ ಮುಗಿಸಿದವು. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ತಮಾಷೆಯೆಂದರೆ, ಈ ಏರ್ಪಾಟನ್ನೇ ವಿರೋಧಿಸಿ ಒಪ್ಪಂದದ ಹೊರಗುಳಿದ ಭಾರತ ಲಿಬಿಯಾ ನಿರ್ಣಯದ ಹೊತ್ತಿಗೆ ಮಂಡಳಿಯ ಸದಸ್ಯನಾಗಿತ್ತು, ಪರವಾಗಿಯೇ ಮತ ಹಾಕಿತ್ತು.

ಹಾಗಾಗಿ ಭಾರತದ ನೆಲದಲ್ಲಿ ಭಾರತೀಯರಿಂದಲೇ ನಡೆದ ಘಟನೆಯ ಬಗ್ಗೆ ಹೇಗ್‌ಗೆ ಎಷ್ಟು ಪುಟ ಬರೆದು ಕಳಿಸಿದರೂ, ಈಗಿನ ಸ್ಥಿತಿಯಲ್ಲಿ ಅದು ಆ ಶೇ 80ರ ರಾಶಿಗೇ ಸೇರುತ್ತದೆ. ಭಾರತ ಸರ್ಕಾರವೇ ಒಪ್ಪಿ ಘೋಷಣೆ ಕೊಟ್ಟರೆ ಅಥವಾ ಭದ್ರತಾ ಮಂಡಳಿ ಒಪ್ಪಿಸಿದರೆ ಬೇರೆ ಮಾತು. ಎರಡೂ ಆಗುವ ಹೋಗುವ ಮಾತಲ್ಲ. ಆದರೆ ಭಾರತದ ಪ್ರಜೆಯೊಬ್ಬ ಸದಸ್ಯ ದೇಶದಲ್ಲಿ ಇಂಥ ಅಪರಾಧ ಎಸಗಿದರೆ, ಅಥವಾ ಭಾರತೀಯರು ಅಲ್ಲಿ ಬಲಿಯಾದರೆ, ಕೋರ್ಟಿಗೆ ಅಧಿಕಾರವಿದೆ. ದಕ್ಷಿಣ ಏಷ್ಯಾದಲ್ಲಿ ಅಫ್ಗಾನಿಸ್ತಾನ, ಬಾಂಗ್ಲಾದೇಶ, ಮಾಲ್ಡೀವ್ಸ್ ಸದಸ್ಯರು.

ಇದಕ್ಕಿಂತ ದೊಡ್ಡ ಕೊರತೆ ಮನೆಯೊಳಗೇ ಇದೆ. 1984ರ ಸಿಖ್ ಹತ್ಯಾಕಾಂಡದ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟ ದಿಲ್ಲಿ ಹೈಕೋರ್ಟಿನ 2018ರ ಡಿಸೆಂಬರ್ ತೀರ್ಪು, ನರಮೇಧವೂ ಮಾನವೀಯತೆಯ ವಿರುದ್ಧದ ಅಪರಾಧವೂ ನಮ್ಮ ದೇಶದ ಅಪರಾಧ ಕಾನೂನಿನಲ್ಲಿ ಇಲ್ಲವೆಂಬುದನ್ನು ಬೊಟ್ಟುಮಾಡಿ, ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕು ಎಂದಿತು. ನರಮೇಧ ತಡೆಯ ಒಪ್ಪಂದಕ್ಕೆ ಭಾರತ ಅನುಮೋದನೆ ಕೊಟ್ಟು 1959ಕ್ಕೇ ಆಯಿತು. ಆಮೇಲೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲೂ ಈ ಎರಡು ಅಪರಾಧಗಳಿಗೆ ಜಾಗ ಸಿಗಲಿಲ್ಲ. ‘ಹೇಗ್‌ಗೆ ಹೋಗುತ್ತೇವೆ’ ಎಂದು ಗುಡುಗುವವರು ಈ ವಿಷಯದಲ್ಲಿ ಸಂಸತ್ತಿನ ಬಾಗಿಲು ತಟ್ಟಿದ್ದನ್ನು ನಾನಂತೂ ಕಡಿಮೆ ಕಂಡಿದ್ದೇನೆ.

ವ್ಯಾಪ್ತಿ ದಾಟಿದ ಅರ್ಜಿಗಳೂ ಬೇರೆ ಕಡೆ ಎಡವುತ್ತವೆ. ಇರಾಕ್ ಯುದ್ಧದ ಬಗ್ಗೆ ಕಚೇರಿಗೆ 240ಕ್ಕೂ ಹೆಚ್ಚು ಪತ್ರಗಳು ಬಂದಿದ್ದವು. ಇರಾಕ್, ಅಮೆರಿಕ ಸದಸ್ಯರಲ್ಲ, ಬ್ರಿಟನ್ ಸದಸ್ಯ. ಹಾಗಾಗಿ ಬ್ರಿಟಿಷ್ ಸೈನಿಕರ ಮಟ್ಟಿಗೆ ನೋಡಬಹುದಿತ್ತು. 2006ರಲ್ಲಿ ಒಕಾಂಪೊ ಕೊಟ್ಟ ಉತ್ತರದ ತಿರುಳು ಹೀಗಿತ್ತು: ಉದ್ದೇಶಪೂರ್ವಕ ಕೊಲೆಗೆ ಬಲಿಯಾದವರು 4ರಿಂದ 12 ಮಂದಿ, ಅಮಾನುಷ ಹಿಂಸೆಗೆ ಒಳಗಾದವರನ್ನೂ ಸೇರಿಸಿದರೆ 20ಕ್ಕಿಂತ ಕಡಿಮೆ, ಸಾವಿರಾರು ಜನ ಸತ್ತ ಬೇರೆ ಪ್ರಕರಣಗಳ ಮುಂದೆ ಇದಕ್ಕೆ ತೂಕ ಸಾಲದು. 2014ರ ಜನವರಿಯಲ್ಲಿ ಬರ್ಲಿನ್‌ನ ಒಂದು ಮಾನವ ಹಕ್ಕು ಸಂಸ್ಥೆಯೂ ಇಂಗ್ಲೆಂಡಿನ ಒಂದು ವಕೀಲರ ಕಚೇರಿಯೂ ಸೇರಿ, ಬಂಧಿತರ ಮೇಲೆ ನಡೆದ ಹಿಂಸೆಯ ವಿವರಗಳನ್ನು ಜೋಡಿಸಿ, ಇದು ಒಬ್ಬಿಬ್ಬರು ಸೈನಿಕರ ಪುಂಡಾಟಿಕೆಯಲ್ಲ, ಒಂದು ಪದ್ಧತಿ ಎಂದು ತೋರಿಸುವ ದೊಡ್ಡ ಕಡತವನ್ನೇ ಸಲ್ಲಿಸಿದವು. ಅದೇ ವಿಷಯ, ಅದೇ ಕಚೇರಿ, ಆದರೆ ಈ ಸಲ ಬೆನ್ಸೂದಾ ಪರಿಶೀಲನೆಯನ್ನು ಮತ್ತೆ ತೆರೆದರು. ನೂರಾರು ಬಿಡಿ ಪತ್ರಗಳಿಂದ ಆಗದ್ದು ಒಂದು ಕಟ್ಟಾದ ಕಡತದಿಂದ ಆಯಿತು.

ಆದರೂ ಕಥೆ ಸುಖಾಂತವಲ್ಲ. ಆ ಇಂಗ್ಲಿಷ್ ಕಚೇರಿ 2016ರಲ್ಲಿ ಮುಚ್ಚಿತು, ಅದರ ಮುಖ್ಯ ವಕೀಲರ ಸನ್ನದು ವೃತ್ತಿ ದುರ್ನಡತೆಗಾಗಿ ಮರುವರ್ಷ ರದ್ದಾಯಿತು. ಕಕ್ಷಿದಾರರನ್ನು ಹುಡುಕಲು ಏಜೆಂಟರನ್ನು ಬಳಸಿದ್ದೂ ಅವರ ಮೇಲಿನ ಆರೋಪಗಳಲ್ಲಿ ಒಂದು. ಸಾಕ್ಷಿ ಕಲೆಹಾಕುವ ಕೈ ಕೊಳೆಯಾದರೆ ಸಾಕ್ಷಿಗೂ ಕೊಳೆ ಅಂಟುತ್ತದೆ. ಸತ್ಯ ಹೇಳಿದ ಇರಾಕಿಗಳನ್ನೂ ಜನ ಅನುಮಾನದಿಂದ ನೋಡಿದರು. ಕಚೇರಿ ಅವರ ಹೇಳಿಕೆಗಳನ್ನು ಬೇರೆ ಮೂಲಗಳೊಂದಿಗೆ ತಾಳೆ ನೋಡಬೇಕಾಯಿತು. 2020ರ ಡಿಸೆಂಬರ್ 9ರಂದು ಬಂದ ಅಂತಿಮ ವರದಿಯಲ್ಲಿ, ಬ್ರಿಟಿಷ್ ಪಡೆಗಳು ಯುದ್ಧಾಪರಾಧ ಎಸಗಿವೆ ಎಂದು ನಂಬಲು ಆಧಾರವಿದೆ ಎಂದರು. ಆದರೆ ಬ್ರಿಟನ್ ತನ್ನವರನ್ನು ರಕ್ಷಿಸಲೆಂದೇ ವಿಚಾರಣೆಯ ನಾಟಕವಾಡಿದೆ ಎನ್ನಲಾಗದು ಎಂದು ಹೇಳಿ ಕಡತ ಮುಚ್ಚಿದರು. ಮನೆಯ ಕೋರ್ಟು ಕೆಲಸ ಮಾಡುತ್ತಿದ್ದರೆ ಐಸಿಸಿ ಕೈ ಹಾಕುವುದಿಲ್ಲ ಎಂಬ ನಿಯಮ ಒಳ್ಳೆಯದೇ. ಆದರೆ ಅದು ಒಳ್ಳೆಯ ಗುಮಾಸ್ತರಿರುವ ದೇಶಗಳಿಗೆ ಹೆಚ್ಚು ಒಳ್ಳೆಯದು: ಕಡತ ಅಚ್ಚುಕಟ್ಟಾಗಿದ್ದರೆ ಶಿಕ್ಷೆಯಾಗದಿದ್ದರೂ ನಡೆಯುತ್ತದೆ.

ಹಾಗಾದರೆ ಉಪಯೋಗಕ್ಕೆ ಬರುವ ಅರ್ಜಿ ಹೇಗಿರುತ್ತದೆ? ಒಂದೇ ಒಂದು ಕೊಲೆ, ಎಷ್ಟೇ ಕ್ರೂರವಾಗಿರಲಿ, ಮಾನವೀಯತೆಯ ವಿರುದ್ಧದ ಅಪರಾಧವಾಗುವುದಿಲ್ಲ. ನಾಗರಿಕರ ಮೇಲೆ ವ್ಯಾಪಕವಾಗಿ ಅಥವಾ ವ್ಯವಸ್ಥಿತವಾಗಿ ನಡೆದ ದಾಳಿಯ ಭಾಗ ಅದಾಗಿರಬೇಕು, ಅದರ ಹಿಂದೆ ಸರ್ಕಾರದ್ದೋ ಸಂಘಟನೆಯದ್ದೋ ನೀತಿ ಇರಬೇಕು. ಆದ್ದರಿಂದ ‘ಏನಾಯಿತು’ ಎಂಬುದಕ್ಕಿಂತ ‘ಮತ್ತೆ ಮತ್ತೆ ಒಂದೇ ರೀತಿ ಆಯಿತು, ಮೇಲಿನವರಿಗೆ ಗೊತ್ತಿತ್ತು’ ಎಂದು ತೋರಿಸುವುದೇ ಮುಖ್ಯ. ದಿನಾಂಕ, ಊರು, ಯಾವ ತುಕಡಿ, ಯಾರ ಆಜ್ಞೆ, ಆಜ್ಞೆ ಇಳಿದುಬಂದ ದಾರಿ. ವಿಶೇಷಣಗಳು ಕಡಿಮೆಯಾದಷ್ಟೂ ಒಳ್ಳೆಯದು. ಕೋರ್ಟಿನ ಕೆಲಸದ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್, ಇವೆರಡರಲ್ಲಿ ಒಂದರಲ್ಲಿ ಬರೆಯುವುದು ಅನುಕೂಲ. ಮೂಲ ದಾಖಲೆಗಳನ್ನು ಇಟ್ಟುಕೊಂಡು ಪ್ರತಿ ಕಳಿಸಬೇಕು. ಈ ಅಪರಾಧಗಳಿಗೆ ಕಾಲಮಿತಿ ಇಲ್ಲವಾದ್ದರಿಂದ ಇವತ್ತು ಜೋಪಾನ ಮಾಡಿದ ಕಾಗದ ಇಪ್ಪತ್ತು ವರ್ಷದ ನಂತರ ಬೇಕಾದೀತು.

ಮೊಬೈಲ್ ವಿಡಿಯೊಗಳ ಕಾಲ ಬಂದ ಮೇಲೆ ಇದು ಇನ್ನಷ್ಟು ಜಟಿಲ. ಲಿಬಿಯಾದ ಕಮಾಂಡರ್ ಮಹಮೂದ್ ಅಲ್ ವೆರ್ಫಾಲಿ ವಿರುದ್ಧ 2017ರ ಆಗಸ್ಟ್‌ನಲ್ಲಿ ಹೊರಟ ವಾರಂಟ್, 33 ಜನರ ಹತ್ಯೆಯ ಏಳು ಘಟನೆಗಳ ಬಗೆಗಿನದು. ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದ ವಿಡಿಯೊಗಳೇ ಅದಕ್ಕೆ ಮುಖ್ಯ ಆಸರೆ. ವಿಚಾರಣೆ ನಡೆಯಲಿಲ್ಲ, 2021ರಲ್ಲಿ ಬೆಂಗಾಜಿಯಲ್ಲಿ ಯಾರೋ ಅವನನ್ನು ಗುಂಡಿಟ್ಟು ಕೊಂದರು. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ವಿಡಿಯೊದಲ್ಲಿ ಎಲ್ಲಿ, ಯಾವಾಗ ತೆಗೆದದ್ದು ಎಂಬ ಒಳಮಾಹಿತಿ ಅಳಿಸಿಹೋಗಿರುತ್ತದೆ. ತೆಗೆದವರ ಫೋನಿನಲ್ಲಿರುವ ಮೂಲ ಫೈಲು ಹಾಗೇ ಉಳಿದಿದ್ದರೆ ಅದಕ್ಕಿರುವ ಬೆಲೆಯೇ ಬೇರೆ.

ಉತ್ಸಾಹಿಗಳು ಮಾಡುವ ಇನ್ನೊಂದು ಹಾನಿ ಇದಕ್ಕಿಂತ ದೊಡ್ಡದು. ನಿರಾಶ್ರಿತರ ಶಿಬಿರಗಳಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸೊಬ್ಬಳನ್ನು ಪತ್ರಕರ್ತರು, ಸ್ವಯಂಸೇವಾ ಸಂಸ್ಥೆಯವರು, ವಕೀಲರು ಸರದಿಯಲ್ಲಿ ಕೂರಿಸಿಕೊಂಡು ಅದೇ ಕಥೆ ಹೇಳಿಸುತ್ತಾರೆ. ಪ್ರತಿ ಸಲವೂ ಒಂದೊಂದು ವಿವರ ಬದಲಾಗುತ್ತದೆ, ನೆನಪು ಎಂದರೆ ಹಾಗೇ ತಾನೆ. ವರ್ಷಗಳ ನಂತರ ಕೋರ್ಟಿನಲ್ಲಿ ಆರೋಪಿಯ ವಕೀಲರು ಆ ಎಲ್ಲ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ‘ಯಾವುದು ನಿಜ?’ ಎಂದು ಕೇಳುತ್ತಾರೆ. ಅದಕ್ಕೇ ಐಸಿಸಿ ಪ್ರಾಸಿಕ್ಯೂಟರ್ ಕಚೇರಿಯೂ ಯುರೋಪಿನ ಯುರೋಜಸ್ಟ್ ಸಂಸ್ಥೆಯೂ ಸೇರಿ 2022ರಲ್ಲಿ ಹೊರತಂದ ಮಾರ್ಗಸೂಚಿ, ಮಕ್ಕಳು ಮತ್ತು ಲೈಂಗಿಕ ಹಿಂಸೆಗೆ ಒಳಗಾದವರಿಂದ ವಿವರವಾದ ಹೇಳಿಕೆ ಪಡೆಯಲು ಸಂಘಸಂಸ್ಥೆಗಳು ಹೋಗಬೇಡಿ, ಅವರು ಯಾರು, ಎಲ್ಲಿ ಸಿಗುತ್ತಾರೆ ಎಂಬುದನ್ನಷ್ಟೇ ಗೊತ್ತುಮಾಡಿಕೊಳ್ಳಿ, ಉಳಿದದ್ದನ್ನು ತನಿಖಾಧಿಕಾರಿಗಳಿಗೆ ಬಿಡಿ ಎಂಬ ದಾಟಿಯಲ್ಲಿದೆ.

ಕಳಿಸಿದವರಿಗೂ ಅಪಾಯವಿದೆ, ಅದು ಊರಿನ ಪುಂಡರಿಂದ ಮಾತ್ರ ಬರುವುದಲ್ಲ. ಗಾಜಾ ಮತ್ತು ಪಶ್ಚಿಮ ದಂಡೆಯ ಬಗ್ಗೆ ವರ್ಷಗಟ್ಟಲೆ ಮಾಹಿತಿ ಸಲ್ಲಿಸಿದ ಅಲ್ ಹಕ್, ಅಲ್ ಮೆಜಾನ್, ಪ್ಯಾಲೆಸ್ಟೀನಿಯನ್ ಮಾನವ ಹಕ್ಕು ಕೇಂದ್ರ ಎಂಬ ಮೂರು ಸಂಸ್ಥೆಗಳ ಮೇಲೆ ಅಮೆರಿಕ 2025ರ ಸೆಪ್ಟೆಂಬರಿನಲ್ಲಿ ನಿರ್ಬಂಧ ಹೇರಿತು. ಇಸ್ರೇಲಿಗರ ವಿರುದ್ಧದ ಐಸಿಸಿ ಪ್ರಯತ್ನಗಳಲ್ಲಿ ಕೈಜೋಡಿಸಿದ್ದೇ ಕೊಟ್ಟ ಕಾರಣ. ಕೋರ್ಟಿನ ಪ್ರಾಸಿಕ್ಯೂಟರ್ ಮೇಲೂ, ಹಲವು ನ್ಯಾಯಾಧೀಶರ ಮೇಲೂ ಅದೇ ವರ್ಷ ನಿರ್ಬಂಧ ಬಿದ್ದಿತ್ತು. ನ್ಯಾಯಾಧೀಶರಿಗೆ ಸಂಬಳ, ಸ್ಥಾನ, ಬೆನ್ನಿಗೆ ಒಂದಷ್ಟು ದೇಶಗಳಾದರೂ ಇವೆ. ಬ್ಯಾಂಕು ಖಾತೆ ಸ್ತಬ್ಧವಾದ ಒಂದು ಸಣ್ಣ ಸಂಸ್ಥೆ ತಿಂಗಳ ಸಂಬಳ ಹೇಗೆ ಕೊಡಬೇಕು?

ಇಷ್ಟೆಲ್ಲ ಹೇಳಿದ ಮೇಲೆ, ಅರ್ಜಿಗಳಿಂದ ಏನೂ ಆಗುವುದಿಲ್ಲ ಎಂದರೆ ಅದೂ ತಪ್ಪಾದೀತು. ಫಿಲಿಪೀನ್ಸ್ ಇದಕ್ಕೆ ಉದಾಹರಣೆ. ರೋಡ್ರಿಗೊ ಡುಟರ್ಟೆ 2016ರಲ್ಲಿ ಅಧ್ಯಕ್ಷರಾಗಿ ‘ಡ್ರಗ್ಸ್ ವಿರುದ್ಧ ಯುದ್ಧ’ ಸಾರಿದರು. ಪೊಲೀಸರ ಗುಂಡಿಗೆ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಸರ್ಕಾರವೇ ಒಪ್ಪಿದೆ; ಮುಸುಕುಧಾರಿಗಳು ಕೊಂದವರನ್ನೂ ಸೇರಿಸಿ ಐಸಿಸಿ ಪ್ರಾಸಿಕ್ಯೂಟರ್ ಅಂದಾಜು 12,000ದಿಂದ 30,000. 2017ರ ಏಪ್ರಿಲ್‌ನಲ್ಲಿ ಜೂಡ್ ಸಬಿಯೊ ಎಂಬ ವಕೀಲರು ಹೇಗ್‌ಗೆ ಹೋಗಿ 77 ಪುಟಗಳ ಅರ್ಜಿ ಕೊಟ್ಟರು. ಡುಟರ್ಟೆ ದಾವೊ ನಗರದ ಮೇಯರ್ ಆಗಿದ್ದ ಕಾಲದಿಂದಲೂ ಅವರ ಹಂತಕ ಪಡೆಯಲ್ಲಿದ್ದೆ ಎಂದು ಒಪ್ಪಿಕೊಂಡಿದ್ದ ಎಡ್ಗರ್ ಮಟೊಬಾಟೊ ಅವರ ಕಕ್ಷಿದಾರ. ಜೂನ್‌ನಲ್ಲಿ ಇಬ್ಬರು ವಿರೋಧ ಪಕ್ಷದ ಶಾಸಕರು ಇನ್ನಷ್ಟು ಮಾಹಿತಿ ಸೇರಿಸಿದರು, ಮರುವರ್ಷ ಸತ್ತವರ ಮನೆಯವರೂ ಅರ್ಜಿ ಕೊಟ್ಟರು. ಇಂಥ ಹಲವು ಪತ್ರ, ವರದಿಗಳನ್ನು ನೋಡಿ 2018ರ ಫೆಬ್ರವರಿ 8ರಂದು ಬೆನ್ಸೂದಾ ಪ್ರಾಥಮಿಕ ಪರಿಶೀಲನೆ ಘೋಷಿಸಿದರು.

ಡುಟರ್ಟೆ ಸಿಟ್ಟಾದರು. ಫಿಲಿಪೀನ್ಸ್ ಒಪ್ಪಂದದಿಂದ ಹೊರಬರುತ್ತದೆ ಎಂದು ಮಾರ್ಚ್ ಮಧ್ಯದಲ್ಲಿ ಸಾರಿದರು. ಆದರೆ ಹೊರಬರಲು ಒಂದು ವರ್ಷದ ನೋಟಿಸ್ ಬೇಕು. 2019ರ ಮಾರ್ಚ್ 17ಕ್ಕೆ ಅದು ಜಾರಿಗೆ ಬಂತು. ಅಷ್ಟರಲ್ಲಿ ಪರಿಶೀಲನೆ ಶುರುವಾಗಿ ವರ್ಷ ದಾಟಿತ್ತು. ದೇಶ ಸದಸ್ಯನಾಗಿದ್ದ ಅವಧಿಯ ಅಪರಾಧಗಳ ಮೇಲೆ ಕೋರ್ಟಿನ ಅಧಿಕಾರ ಹೋಗುವುದಿಲ್ಲ, ಅದರಲ್ಲೂ ವಿಷಯ ಆಗಲೇ ಕೋರ್ಟಿನ ಪರಿಗಣನೆಯಲ್ಲಿದ್ದರೆ ಎಂಬ ವಾದಕ್ಕೆ ಮುಂದೆ ಈ ತಾರೀಖುಗಳೇ ಆಧಾರವಾದವು. ಬಾಗಿಲು ಮುಚ್ಚುವ ಮುನ್ನ ಯಾರೋ ಕಾಲು ಅಡ್ಡ ಇಟ್ಟಿದ್ದರು, ಆ ಕಾಲು ಅರ್ಜಿದಾರರದು.

ಮಧ್ಯೆ ಒಂದು ವಿಚಿತ್ರ ನಡೆಯಿತು. 2020ರ ಜನವರಿಯಲ್ಲಿ ಸಬಿಯೊ ತಮ್ಮ ಅರ್ಜಿಯನ್ನೇ ಕೈಬಿಡಿ ಎಂದು ಕಚೇರಿಯನ್ನು ಕೇಳಿಕೊಂಡರು. ಡುಟರ್ಟೆಯ ವಿರೋಧಿಗಳು ಅದನ್ನು ರಾಜಕೀಯಕ್ಕೆ ಬಳಸಿಕೊಂಡರು ಎಂಬುದು ಅವರ ಕಾರಣ. ಮನಿಲಾದಲ್ಲಿ ಅಧ್ಯಕ್ಷರ ಕಡೆಯವರು ಸಂಭ್ರಮಿಸಿದರು, ದೂರುದಾರನೇ ಹಿಂದೆ ಸರಿದ ಮೇಲೆ ಕೇಸೆಲ್ಲಿ? ನಮ್ಮಲ್ಲಿ ಊರ ಹಿರಿಯರು ಕೂತು ರಾಜಿ ಮಾಡಿಸಿ ಕೇಸು ವಾಪಸ್ ತೆಗೆಸಿದ ಹಾಗೆ ಎಂದುಕೊಂಡಿರಬೇಕು. ಕಚೇರಿ ಕದಲಲಿಲ್ಲ, ಪರಿಶೀಲನೆ ನಡೆದೇ ನಡೆಯಿತು. ಅರ್ಜಿದಾರನಿಗೆ ಹಕ್ಕಿಲ್ಲ ಎಂಬ ನಿಯಮದ ಇನ್ನೊಂದು ಮುಖ ಇದು: ಕೊಟ್ಟ ಮೇಲೆ ಮಾಹಿತಿ ಅವನದಲ್ಲ. ಬೆದರಿಸಿಯೋ ಬೇಡಿಕೊಂಡೋ ಅವನಿಂದ ಹಿಂತೆಗೆಸುವುದರಿಂದ ಯಾರಿಗೂ ಲಾಭವಿಲ್ಲ.

2021ರ ಮೇ 24ರಂದು, ಅಧಿಕಾರಾವಧಿ ಮುಗಿಯಲು ಮೂರು ವಾರವಿದ್ದಾಗ, ಬೆನ್ಸೂದಾ ತನಿಖೆಗೆ ಅನುಮತಿ ಕೋರಿದರು. ಈ ಹಂತದಲ್ಲಿ ಸಂತ್ರಸ್ತರು ನೇರವಾಗಿ ನ್ಯಾಯಾಧೀಶರಿಗೇ ತಮ್ಮ ಮಾತು ತಿಳಿಸಬಹುದು. 204 ಅರ್ಜಿಗಳು ಬಂದವು, ಬಹುಪಾಲು ತನಿಖೆ ಬೇಕು ಎಂದವು. ಸೆಪ್ಟೆಂಬರ್ 15ರಂದು ಅನುಮತಿ ಸಿಕ್ಕಿತು. ನಾವೇ ವಿಚಾರಿಸುತ್ತೇವೆ ಎಂದು ಫಿಲಿಪೀನ್ಸ್ ಕೇಳಿಕೊಂಡದ್ದರಿಂದ ತನಿಖೆ ನಿಂತಿತು, 2023ರಲ್ಲಿ ಮತ್ತೆ ಹೊರಟಿತು. ಅಷ್ಟರಲ್ಲಿ ಮನಿಲಾದ ಗಾಳಿ ಬದಲಾಗಿತ್ತು. ಡುಟರ್ಟೆ ನಂತರ ಅಧ್ಯಕ್ಷರಾದ ಮಾರ್ಕೋಸ್ ಅವರ ಕುಟುಂಬವೂ, ಅದರೊಂದಿಗೆ ಒಟ್ಟಿಗೆ ಚುನಾವಣೆ ಗೆದ್ದಿದ್ದ ಡುಟರ್ಟೆ ಕುಟುಂಬವೂ ಹಾವು ಮುಂಗುಸಿಯಾಗಿದ್ದವು. 2025ರ ಮಾರ್ಚ್ 11ರಂದು ಮನಿಲಾ ವಿಮಾನ ನಿಲ್ದಾಣದಲ್ಲಿ ಡುಟರ್ಟೆಯನ್ನು ಬಂಧಿಸಿ, ಅದೇ ದಿನ ಹೇಗ್‌ನ ವಿಮಾನ ಹತ್ತಿಸಿದರು. ಆ ಎರಡು ಕುಟುಂಬಗಳ ಜಗಳವಿಲ್ಲದಿದ್ದರೆ ವಾರಂಟ್ ಕಪಾಟಿನಲ್ಲೇ ಇರುತ್ತಿತ್ತು. ಆದರೆ ಅರ್ಜಿಗಳಿಲ್ಲದಿದ್ದರೆ ಕಪಾಟಿನಲ್ಲಿಡಲು ವಾರಂಟೇ ಇರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಆ ವಾರಂಟಿನಲ್ಲಿ ಇದ್ದದ್ದು ಕನಿಷ್ಠ 43 ಕೊಲೆಗಳು: ದಾವೊದ ಹಂತಕ ಪಡೆ ಕೊಂದ 19, ಪೊಲೀಸರ ಕೈಯಲ್ಲಿ ಸತ್ತ 24. ಅವಧಿ 2011ರ ನವೆಂಬರ್ 1ರಿಂದ 2019ರ ಮಾರ್ಚ್ 16, ಅಂದರೆ ಫಿಲಿಪೀನ್ಸ್ ಸದಸ್ಯನಾದ ದಿನದಿಂದ ಹೊರಬಿದ್ದ ಹಿಂದಿನ ದಿನದವರೆಗೆ. 2019ರ ಮಾರ್ಚ್ 18ರಂದು ಮಗನನ್ನು ಕಳೆದುಕೊಂಡ ತಾಯಿಯ ಅರ್ಜಿಯನ್ನು ಹೇಗ್‌ನಲ್ಲಿ ಓದುತ್ತಾರೆ, ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ, ಸ್ವೀಕೃತಿ ಪತ್ರವನ್ನೂ ಕಳಿಸುತ್ತಾರೆ.